ಟೇಪುಗಳು ಚೆನ್ನಾಗಿಯೇ ಇದ್ದವು

ನನ್ನ ಗಂಡ ಗದಗಿಗೆ ಹತ್ತಿಕೊಂಡ ಬೆಟಗೇರಿಯಲ್ಲಿ ಹಾರ್ಮೋನಿಯಂ ರಿಪೇರಿ ಮಾಡುತ್ತಿದ್ದರು. ನಮ್ಮ ಕಡೆ ಅದಕ್ಕೆ ಪೇಟಿ ಎನ್ನುತ್ತಾರೆ. ನಾಟಕ ಕಂಪನಿಯವರು, ಭಜನಿಯವರು, ಸಂಗೀತ ಕಲಿಸುವ ಮಾಸ್ತರರು, ಎಲ್ಲರ ಪೇಟಿಗಳೂ ನಮ್ಮ ಪಡಸಾಲೆಗೆ ಬರುತ್ತಿದ್ದವು. ಪೇಟಿಯ ಹೊಟ್ಟೆಯಲ್ಲಿ ಹಿತ್ತಾಳೆಯ ಸಣ್ಣ ನಾಲಗೆಗಳಿರುತ್ತವೆ. ತುದಿಯಲ್ಲಿ ಕೆರೆದರೆ ಸ್ವರ ಏರುತ್ತದೆ, ಬುಡದಲ್ಲಿ ಕೆರೆದರೆ ಇಳಿಯುತ್ತದೆ. ಕೂದಲೆಳೆಯಷ್ಟು ಹೆಚ್ಚು ಕೆರೆದರೂ ಕೆಟ್ಟಿತು. ಆ ಕೆಲಸಕ್ಕೆ ಕೈಗಿಂತ ಕಿವಿ ಮುಖ್ಯ. ಶಿರಹಟ್ಟಿಯಿಂದ ಮುಂಡರಗಿಯವರೆಗೆ ಜನ ಅವರ ಕಿವಿಯನ್ನು ನಂಬಿದ್ದರು.

ನಾನು ಬೆಳ್ಳಟ್ಟಿಯ ಒಕ್ಕಲುತನದ ಮನೆಯವಳು. ಸಂಗೀತ ಗೊತ್ತಿರಲಿಲ್ಲ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿದ್ದೆ, ಅಕ್ಷರ ದುಂಡಗಿದ್ದವು, ಅಷ್ಟೆ.

ಟೇಪ್ ರೆಕಾರ್ಡರ್ ನಮ್ಮ ಮನೆಗೆ ಬಂದದ್ದು ಏಕೀಕರಣವಾದ ವರ್ಷ. ಅಲ್ಲಿಯ ತನಕ ನಾವು ಮುಂಬೈ ರಾಜ್ಯದವರು. ಗದಗಿನಲ್ಲಿದ್ದ ಒಬ್ಬ ಮರಾಠಿ ಇಂಜಿನಿಯರರು ಪುಣೆಗೆ ಹೊರಟಾಗ, ನನ್ನ ಗಂಡ ಕೈಯಾರೆ ಕಟ್ಟಿದ ಒಂದು ಪೇಟಿಯನ್ನು ತಾವು ತೆಗೆದುಕೊಂಡು, ಆ ಯಂತ್ರವನ್ನು ನಮಗೆ ಬಿಟ್ಟುಹೋದರು. ಟ್ರಂಕಿನಷ್ಟು ಭಾರ. ಮೇಲೆ ಎರಡು ಚಕ್ರ, ನಡುವೆ ಕಂದು ಬಣ್ಣದ ಟೇಪು ಹಾಯುವ ಸಂದು. ಮೊದಲ ದಿನ ನನ್ನ ದನಿಯನ್ನು ಅದರಿಂದ ಕೇಳಿದಾಗ ಯಾರೋ ಬೇರೆ ಹೆಂಗಸು ಒಳಗೆ ಕೂತು ಮಾತಾಡಿದಂತಾಗಿ ನಾಚಿಕೆಯಿಂದ ಅಡುಗೆಮನೆಗೆ ಓಡಿದ್ದೆ.

ಯಂತ್ರ ಬಂತು, ಖಾಲಿ ಟೇಪು ಬೇಕಲ್ಲ. ಅದನ್ನು ತರಿಸಿಕೊಡುತ್ತಿದ್ದವರು ಗದಗಿನ ಒಬ್ಬ ರೇಡಿಯೋ ಅಂಗಡಿಯವರು. ನನ್ನ ಗಂಡನ ಸಣ್ಣಂದಿನ ಗೆಳೆಯ. ನನ್ನನ್ನು ತಂಗಿ ಎನ್ನುತ್ತಿದ್ದರು, ನಾನು ಅಣ್ಣಾರ ಎನ್ನುತ್ತಿದ್ದೆ. ಮುಂಬೈಯಿಂದ ಯಾವ ಬಗೆಯ ಟೇಪು ಬಂದರೂ ಮೊದಲ ಸುರುಳಿ ನಮ್ಮ ಮನೆಗೇ ಬರುತ್ತಿತ್ತು. "ನೀ ಕೇಳಿ ಚಲೋ ಅಂದ್ರ ಮಾರ್ತೀನಿ, ಇಲ್ಲಾಂದ್ರ ಹೊಳ್ಳಿ ಕಳಸ್ತೀನಿ," ಎಂದು ಗೆಳೆಯನ ಕೈಗೆ ಕೊಟ್ಟುಹೋಗುತ್ತಿದ್ದರು.

ಮೊದಲು ಬಂದದ್ದು ಕಾಗದದ ಟೇಪು. ಯಂತ್ರಕ್ಕೆ ಹಚ್ಚಿದರೆ ಹಿಂದೆ ಯಾರೋ ಒಗ್ಗರಣೆ ಹಾಕುತ್ತಿರುವಂತೆ ಒಂದೇ ಸಮನೆ ಸುರ್ ಎನ್ನುತ್ತಿತ್ತು. ನಾಲ್ಕು ಸಲ ಓಡಿಸುವುದರೊಳಗೆ ಯಂತ್ರದ ಸಂದಿನಲ್ಲಿ ಕಂದು ಪುಡಿ ಕೂತಿರುತ್ತಿತ್ತು. ಅರಳೆಗೆ ಸ್ಪಿರಿಟ್ ಹಚ್ಚಿ ಅದನ್ನು ಒರೆಸುವುದು ನನ್ನ ಕೆಲಸ. ಎರಡನೆಯದಕ್ಕೆ ನಾವು ಗಾಜಿನ ಟೇಪು ಎಂದು ಹೆಸರಿಟ್ಟಿದ್ದೆವು. ಸುರುಳಿಯನ್ನು ಕಿಟಕಿಗೆ ಹಿಡಿದರೆ ಜೇನಿನ ಶೀಸೆಯಂತೆ ಬೆಳಕು ಹಾಯುತ್ತಿತ್ತು. ದನಿ ತಿಳಿಯಾಗಿರುತ್ತಿತ್ತು. ಬೇಸಿಗೆಯಲ್ಲಿ ಮಾತ್ರ ಒಣಗಿ ಪಟ್ಟನೆ ಹರಿಯುತ್ತಿತ್ತು. ಹರಿದರೂ ನೆಟ್ಟಗೆ ಹರಿಯುವುದರಿಂದ ಎರಡು ತುದಿ ಕೂಡಿಸಿ ಅಂಟಿಸಿದರೆ ಒಂದು ಅಕ್ಷರವೂ ಕಳೆಯುತ್ತಿರಲಿಲ್ಲ. ಕೊನೆಗೆ ಬಂದದ್ದು ಪ್ಲಾಸ್ಟಿಕ್ ಟೇಪು. ಅದು ಹರಿಯುವುದೇ ಇಲ್ಲ ಎಂದು ಹಿಗ್ಗಿದ್ದೆವು. ಆದರೆ ಚಕ್ರ ಒಮ್ಮೆ ಜಗ್ಗಿದರೆ ಸಾಕು, ಶಾವಿಗೆಯಂತೆ ಎಳೆದುಕೊಂಡು, ಆ ಜಾಗದ ದನಿ ಮತ್ತೆ ಎಂದೂ ನೆಟ್ಟಗಾಗುತ್ತಿರಲಿಲ್ಲ.

ನನ್ನ ಗಂಡ ಎಲ್ಲ ಟೇಪಿಗೂ ಒಂದೇ ಪರೀಕ್ಷೆ ಇಡುತ್ತಿದ್ದರು. ನಮ್ಮ ಓಣಿಯ ತುಂಬ ಕೈಮಗ್ಗಗಳು. ಮಧ್ಯಾಹ್ನ ನೇಕಾರರು ಊಟಕ್ಕೆ ಎದ್ದಾಗ ಮಾತ್ರ ಓಣಿ ಸುಮ್ಮನಾಗುತ್ತಿತ್ತು. ಆಗ ನಾನು ಮೈಕಿನ ಮುಂದೆ ಕೂತು ಮೊರದಲ್ಲಿ ಒಂದಿಷ್ಟು ಜೋಳ ಕೇರಬೇಕು. ಕೈಬಳೆ ಅಲ್ಲಾಡಿಸಬೇಕು. ಆಮೇಲೆ, "ಸಂತಿಗೆ ಹೋಗಿ ಸಾಸಿವಿ ಸಕ್ಕರಿ ತಗೊಂಡು ಬಾ," ಎನ್ನಬೇಕು. ಸಕಾರ ಚೊಕ್ಕ ಹಿಡಿಯುವ ಟೇಪೇ ಒಳ್ಳೆಯ ಟೇಪು ಎನ್ನುವುದು ಅವರ ಲೆಕ್ಕ. ಕೊನೆಗೆ ಅವರು ಪೇಟಿಯ ಮೇಲಿನ ಸಪ್ತಕ ನುಡಿಸುತ್ತಿದ್ದರು. ಮಗ್ಗಗಳು ಮತ್ತೆ ಸುರುವಾಗುವುದರೊಳಗೆ ಎಲ್ಲ ಮುಗಿಯಬೇಕು. ನಂತರ ಇಬ್ಬರೂ ಕೂತು ಕೇಳುತ್ತಿದ್ದೆವು. ಅವರು ಹೇಳಿದ್ದನ್ನು ನಾನು ಒಂದು ವಹಿಯಲ್ಲಿ ಬರೆಯುತ್ತಿದ್ದೆ. ಬಳೆ: ತಿಳಿ. ಜೋಳ: ಮಬ್ಬು. ಸಕಾರ: ಚಲೋ. ಮದುವೆಯಾಗಿ ಹತ್ತು ವರ್ಷದಲ್ಲಿ ನಾವಿಬ್ಬರೂ ಜೊತೆಗೆ ಕೂತು ಮಾಡಿದ ಕೆಲಸ ಅದೊಂದೇ. ಆ ಮಧ್ಯಾಹ್ನಗಳಿಗಾಗಿ ನಾನು ಕಾಯುತ್ತಿದ್ದೆ.

ಮೂರು ವರ್ಷ ಹೀಗೇ ನಡೆಯಿತು. ಆಮೇಲೆ ಬಂದ ಟೇಪುಗಳು ಒಂದೊಂದಾಗಿ ಅವರ ಮನಸ್ಸಿಗೆ ಬಾರದೆ ಹೋದವು.

"ಈ ಸಲದ ಮಾಲು ಬರೊಬ್ಬರಿ ಇಲ್ಲ. ಸಕಾರ ಸತ್ತೈತಿ ನೋಡು," ಎಂದರು ಒಂದು ದಿನ.

ನನಗೆ ಸಾಸಿವೆಯ ಎರಡೂ ಸಕಾರ ಚುರುಕಾಗಿ ಕೇಳಿಸಿದ್ದವು. ಸಂಗೀತ ತಿಳಿಯದವಳು ನಾನು, ಅವರಿಗೆ ತಿಳಿಯುವ ಸೂಕ್ಷ್ಮ ನನಗೆಲ್ಲಿ ತಿಳಿಯಬೇಕು ಎಂದುಕೊಂಡು, 'ಸಕಾರ: ಇಲ್ಲ' ಎಂದು ಬರೆದೆ. ಮುಂದಿನ ಟೇಪಿಗೂ ಅದೇ ಮಾತು. ಅದರ ಮುಂದಿನದಕ್ಕೆ, "ಬಳಿ ಸಪ್ಪಳನ ಬರವಲ್ದು," ಎಂದರು. ಕೈಯಲ್ಲಿ ಎರಡು ಡಜನ್ ಹಸಿರು ಬಳೆ ಇದ್ದವು. ಟೇಪಿನಲ್ಲಿ ಅವು ಗಲಗಲ ಎನ್ನುತ್ತಿದ್ದವು. ನಾನು ಅವರ ಮುಖ ನೋಡಿದೆ. ಅವರು ಕಣ್ಣು ಮುಚ್ಚಿ, ಕತ್ತು ಒಂದು ಕಡೆ ವಾಲಿಸಿ, ತುಂಬ ಶ್ರದ್ಧೆಯಿಂದ ಕೇಳುತ್ತಿದ್ದರು.

ಕೆಲವು ದಿನ ಕಳೆದ ಮೇಲೆ ಹಳೆಯ ಗಾಜಿನ ಟೇಪೊಂದನ್ನು ತೆಗೆದರು. ಎಲ್ಲಕ್ಕಿಂತ ಚಲೋದು ಎಂದು ಅವರೇ ನನ್ನಿಂದ ವಹಿಯಲ್ಲಿ ಬರೆಸಿದ್ದ ಟೇಪು ಅದು. "ಇದನ್ನ ಕೇಳು, ಟೇಪಂದ್ರ ಹಿಂಗಿರಬೇಕು," ಎನ್ನುತ್ತ ಹಚ್ಚಿದರು. ನನ್ನ ಹಳೆಯ ದನಿ, ಜೋಳ, ಬಳೆ ಎಲ್ಲ ಇದ್ದ ಹಾಗೇ ಬಂದವು. ಅವರ ಮುಖ ಸಣ್ಣದಾಯಿತು. ಮತ್ತೊಮ್ಮೆ ಹಚ್ಚಿದರು. ಯಂತ್ರಕ್ಕೆ ಕಿವಿ ಹಚ್ಚಿ ಕೂತರು.

"ಇದೂ ಕೆಟ್ಟೈತಿ. ಬ್ಯಾಸಗಿ ಝಳಕ್ಕ ಅಳಿಸಿ ಹೋಗೇತಿ," ಎಂದರು. ನನ್ನ ಕಡೆ ತಿರುಗಿ, "ಹೌದಿಲ್ಲ?" ಎಂದು ಕೇಳಿದರು.

ಆಗ ನನಗೆ ತಿಳಿಯಿತು. ಸ್ಪಿರಿಟಿನ ಅರಳೆ ಕೈಯಲ್ಲಿತ್ತು, ಅದನ್ನು ಹಿಂಡುತ್ತ ನಿಂತೆ.

"ಹೌದ್ರಿ, ಟೇಪ ಕೆಟ್ಟೈತಿ," ಎಂದೆ.

ಯಾಕೆ ಹಾಗೆಂದೆ ಎಂದು ಆಮೇಲೆ ನನಗೆ ನಾನೇ ಬೇಕಾದಷ್ಟು ಕಾರಣ ಹೇಳಿಕೊಂಡಿದ್ದೇನೆ. ಅವರ ಕಿವಿ ಹೋಯಿತು ಎನ್ನುವ ಖಬರು ಹೊರಬಿದ್ದರೆ ಪಡಸಾಲೆಗೆ ಒಂದು ಪೇಟಿಯೂ ಬರುವುದಿಲ್ಲ ಎನ್ನುವುದು ಒಂದು ಕಾರಣ. ಅದು ಸುಳ್ಳಲ್ಲ. ಆದರೆ ಖರೆ ಎಂದರೆ, ಅವರ ಮುಖ ನೋಡಿ ಆ ಮಾತು ಆಡುವ ಧೈರ್ಯ ನನಗೆ ಆಗಲಿಲ್ಲ. ಆ ದಿನದಿಂದ ವಹಿಯಲ್ಲಿ ನನ್ನ ದುಂಡನೆಯ ಅಕ್ಷರಗಳಲ್ಲಿ ನಾನು ಸುಳ್ಳು ಬರೆಯತೊಡಗಿದೆ. ಬಳೆ: ಇಲ್ಲ. ಜೋಳ: ಇಲ್ಲ. ಸಕಾರ: ಇಲ್ಲ.

ಆ ವಹಿಯನ್ನು ಹಿಡಿದುಕೊಂಡು ಅವರು ರೇಡಿಯೋ ಅಂಗಡಿಗೆ ಹೋದರು. ಬಳಸಿ ಬಿಟ್ಟ ಟೇಪನ್ನು ಒರೆಸಿ ಹೊಸದೆಂದು ಕೊಡುತ್ತಿದ್ದೀಯ ಎಂದು ಗಿರಾಕಿಗಳ ಎದುರಿಗೇ ಜಗಳ ಮಾಡಿದರಂತೆ. "ನನ್ನ ಹೆಂಡ್ತಿ ಬರದಾಳ, ಓದಿ ನೋಡು," ಎಂದರಂತೆ. ಭಜನಿಯವರಿಗೂ ನಾಟಕದವರಿಗೂ, ಅವನ ಅಂಗಡಿಯಲ್ಲಿ ಏನೂ ಕೊಳ್ಳಬೇಡಿ ಎಂದು ಹೇಳುತ್ತ ಬಂದರು.

ಎರಡು ದಿನ ಬಿಟ್ಟು, ನನ್ನ ಗಂಡ ಶಿರಹಟ್ಟಿಗೆ ಹೋಗಿದ್ದಾಗ, ಅಂಗಡಿಯ ಅಣ್ಣಾರು ನಮ್ಮ ಮನೆಗೆ ಬಂದರು. ಕೈಯಲ್ಲಿ ಒಂದು ಹೊಸ ಸುರುಳಿ. ಅದರ ಮೇಲಿನ ಹಾಳೆಯನ್ನು ನನ್ನ ಎದುರಿಗೇ ಬಿಚ್ಚಿದರು.

"ತಂಗಿ, ಬಳಿ ಅಲ್ಲಾಡ್ಸು."

ಅಲ್ಲಾಡಿಸಿದೆ. ಅವರು ಟೇಪನ್ನು ಹಿಂದಕ್ಕೆ ಸುತ್ತಿ ಹಚ್ಚಿದರು. ಪಡಸಾಲೆಯ ತುಂಬ ಬಳೆಯ ಸದ್ದು.

"ನಿನಗ ಕೇಳಸ್ತೈತಿಲ್ಲ?"

ನಾನು ಕಂಬಕ್ಕೆ ಆತು ನಿಂತಿದ್ದೆ. ತವರಿನ ಅಣ್ಣನಂತೆ ಇದ್ದ ಮನುಷ್ಯ. ಅಂಗಡಿಯ ಮರ್ಯಾದೆ ಹೋಗಿತ್ತು. ಒಂದು ಹೌದು ಸಾಕಾಗಿತ್ತು.

"ಇಲ್ರಿ ಅಣ್ಣಾರ. ನನಗೂ ಕೇಳಸವಲ್ದು," ಎಂದೆ.

ಅವರು ನನ್ನ ಕೈಬಳೆ ನೋಡಿದರು, ನನ್ನ ಮುಖ ನೋಡಿದರು. ಆಮೇಲೆ ಯಂತ್ರ ಬಂದ್ ಮಾಡಿ, ಮೂಲೆಯಲ್ಲಿದ್ದ ತಮ್ಮ ಟೇಪುಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡರು. "ಆತವಾ. ಟೇಪ ಕೆಟ್ಟಾವ. ನಾ ಒಯ್ತೀನಿ," ಎಂದು ಹೇಳಿ ಹೋದರು. ನಾನು ಚಹಾ ಕುಡಿದು ಹೋಗಿ ಎಂದೂ ಅನ್ನಲಿಲ್ಲ.

ಅವರು ಆಮೇಲೆ ಟೇಪು ಮಾರುವುದನ್ನೇ ಬಿಟ್ಟರು. ಯಾರಾದರೂ ಕೇಳಿದರೆ, "ಮಾಲು ಚಲೋ ಬರವಲ್ದು," ಎಂದು ತಾವೇ ಹೇಳುತ್ತಿದ್ದರಂತೆ.

ಮತ್ತೂ ಒಂದೂವರೆ ವರ್ಷ ನಡೆಯಿತು. ನನ್ನ ಗಂಡ ಹುಬ್ಬಳ್ಳಿಯಿಂದ ಬೇರೆ ಟೇಪು ತರಿಸಿ, ಅವೂ ಕೆಟ್ಟವೆಂದು ಬೈದು, ಕೊನೆಗೆ ಯಂತ್ರದ ಮೇಲೆ ಚಾದರ ಹೊದಿಸಿಟ್ಟರು. ಪೇಟಿಯ ಕೆಲಸ ನಡೆದೇ ಇತ್ತು. ಕೆಳಗಿನ ಸ್ವರಗಳು ಅವರಿಗೆ ಇನ್ನೂ ಕೇಳಿಸುತ್ತಿದ್ದವು. ಮೇಲಿನವನ್ನು ಕೈ ಅಳತೆಯ ಮೇಲೆ ಕೆರೆಯುತ್ತಿದ್ದರೆಂದು ಕಾಣುತ್ತದೆ.

ಒಂದು ದಿನ ಮುಂಡರಗಿಯಲ್ಲಿ ಬಿಡಾರ ಹಾಕಿದ್ದ ನಾಟಕ ಕಂಪನಿಯ ಪೇಟಿ ಮಾಸ್ತರರು ಬಂದರು. ವಯಸ್ಸಾದವರು, ಮೆದು ಮಾತಿನವರು. ಹದಿನೈದು ದಿನದ ಹಿಂದೆ ಒಯ್ದಿದ್ದ ಪೇಟಿಯನ್ನು ಮತ್ತೆ ಹೊತ್ತು ತಂದಿದ್ದರು.

"ಸಿಟ್ಟಾಗಬ್ಯಾಡ್ರಿ. ಮ್ಯಾಲಿನ ನಿಷಾದ ಏರೇತ್ರಿ. ಹಾಡವರು ಒಲ್ಲೆ ಅಂತಾರ," ಎಂದರು.

ನನ್ನ ಗಂಡ ಪೇಟಿಯಲ್ಲಿ ಆ ಸ್ವರದ ಮನೆಯನ್ನು ಒತ್ತಿದರು. ಎರಡು ಸಲ, ಮೂರು ಸಲ ಒತ್ತಿದರು. "ಬರೊಬ್ಬರಿ ಐತ್ರಿ," ಎಂದರು. ಓಣಿಯಲ್ಲಿ ಅಡ್ಡಾಡುವ ಮಂದಿಗೂ ತಿಳಿಯುವಷ್ಟು ಆ ಸ್ವರ ಕೆಟ್ಟಿತ್ತು. ಬಾಗಿಲಲ್ಲಿ ನಿಂತ ನನಗೇ ಹಲ್ಲು ಜುಂ ಎಂದಿತು.

ನನ್ನ ಗಂಡ ತಲೆಯೆತ್ತಿ ನನ್ನನ್ನು ನೋಡಿದರು. "ನೀ ಹೇಳು. ಏರೇತೇನು?"

ಸುಳ್ಳು ನಾಲಗೆಯ ತುದಿಯವರೆಗೆ ಬಂತು. ಆ ಮುದುಕರ ಎದುರಿಗೆ ಅದು ಹೊರಡಲಿಲ್ಲ. ಖರೆಯೂ ಹೊರಡಲಿಲ್ಲ. ನಾನು ಸೆರಗು ಬಾಯಿಗೆ ಒತ್ತಿಕೊಂಡೆ. ಅಷ್ಟರಿಂದಲೇ ನನ್ನ ಗಂಡನಿಗೆ ಗೊತ್ತಾಯಿತು.

ಮಾಸ್ತರರು ಪೇಟಿ ಎತ್ತಿಕೊಂಡು ಹೋದರು. ಆಮೇಲೆ ನನ್ನ ಗಂಡ ಕೇಳಿದರು: "ಆ ಟೇಪು?"

"ಟೇಪೆಲ್ಲಾ ಚಲೋನ ಇದ್ದುವ್ರಿ."

"ಯಾವಾಗಿಂದ ಗೊತ್ತಿತ್ತು ನಿನಗ?"

ಹೇಳಿದೆ. ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಟೋಪಿ ಹಾಕಿಕೊಂಡು ಬಿಸಿಲಲ್ಲೇ ಗದಗಿಗೆ ನಡೆದು ಹೋದರು. ಸಂಜೆ ಬಂದು ಗೋಡೆಗೆ ಒರಗಿ ಕೂತು ಹೇಳಿದರು: "ಅವನ ಕಾಲ ಹಿಡಿಯಾಕ ಹ್ವಾದೆ. ಹಿಡಿಗೊಡಲಿಲ್ಲ. 'ನಿನ್ನ ಹೆಂಡ್ತಿ ಇಲ್ಲ ಅಂದಾಗನ ನನಗ ತಿಳೀತು ಮಾರಾಯ, ಟೇಪಿನ ಮಾತು ಬಿಡು' ಅಂದ."

ಇಷ್ಟು ದಿನ ಆ ಕೆಟ್ಟ ಹೆಸರನ್ನು ಅಂಗಡಿಯ ಅಣ್ಣಾರು ಗೊತ್ತಿದ್ದೇ ಹೊತ್ತಿದ್ದರು. ಆಮೇಲೆ ಒಂದೆರಡು ಸಲ ನಮ್ಮ ಮನೆಗೆ ಬಂದರು, ಕೂತರು, ಚಹಾ ಕುಡಿದರು. ಆದರೆ ಮೊದಲಿನ ಹಾಗೆ ಒಳಗೆ ಬಂದು, ತಂಗಿ ಏನ ಮಾಡೀದಿ ಇವತ್ತ ಎಂದು ಗಡಿಗೆ ತೆರೆದು ನೋಡಲಿಲ್ಲ. ನನ್ನ ಮುಖ ನೋಡಲು ಅವರಿಗೆ ಕಷ್ಟವೋ, ಅವರ ಮುಖ ನೋಡಲು ನನಗೆ ಕಷ್ಟವೋ, ಗೊತ್ತಿಲ್ಲ. ಮುಂದೆ ಮಗನ ಜೊತೆ ದಾವಣಗೆರೆಗೆ ಹೋದರು. ಅಲ್ಲೇ ತೀರಿಕೊಂಡರೆಂದು ಕೇಳಿದೆವು.

ಆ ವರ್ಷವೇ ಮಿರಜಿಗೆ ಹೋಗಿ ನನ್ನ ಗಂಡನ ಕಿವಿಯನ್ನು ಡಾಕ್ಟರರಿಗೆ ತೋರಿಸಿದೆವು. ಕಿವಿಯ ನರ ಒಣಗುತ್ತಿದೆ, ಮೊದಲೇ ಬಂದಿದ್ದರೂ ತಡೆಯಲು ಆಗುತ್ತಿರಲಿಲ್ಲ ಎಂದರು. ಆ ಮಾತಿನಿಂದ ನನಗೆ ಸಮಾಧಾನವಾಗಬೇಕಿತ್ತು.

ನಾಲ್ಕಾರು ವರ್ಷ ನಾವಿಬ್ಬರೂ ಕೂಡಿ ಪೇಟಿ ಮಾಡಿದೆವು. ಅವರು ಕೆರೆಯುವುದು, ನಾನು ಕೇಳಿ ಬೆರಳಿನಿಂದ ತೋರಿಸುವುದು: ಮೇಲೆ, ಕೆಳಗೆ, ಸಾಕು. ಹಳೆಯ ಗಿರಾಕಿಗಳು ಕೆಲವರು ಬರುತ್ತಿದ್ದರು, ಬಹಳ ಮಂದಿ ಬಿಟ್ಟರು. ಕೊನೆಗೆ ಅವರು ಬರೀ ಮರದ ಪೆಟ್ಟಿಗೆ ಕಟ್ಟಿಕೊಡುವ ಕೆಲಸಕ್ಕೆ ನಿಂತರು. ನಾಲಗೆಗಳನ್ನು ಬೇರೆಯವರು ಕೂರಿಸಿಕೊಳ್ಳುತ್ತಿದ್ದರು. ಐವತ್ತು ತುಂಬುವುದರೊಳಗೆ ಅವರಿಗೆ ನನ್ನ ದನಿಯೂ ಕೇಳಿಸದಾಯಿತು. ಏನು ಹೇಳಬೇಕಾದರೂ ಪಾಟಿಯ ಮೇಲೆ ಬರೆದು ತೋರಿಸುತ್ತಿದ್ದೆ.

ವಯಸ್ಸಾದ ಮೇಲೆ ಒಮ್ಮೆ ಮದುವೆಗೆಂದು ಲಕ್ಷ್ಮೇಶ್ವರಕ್ಕೆ ಹೋಗಿದ್ದೆವು. ಊಟವಾದ ಮೇಲೆ ಸೋಮೇಶ್ವರನ ಗುಡಿಯ ಕಟ್ಟೆಗೆ ಬಂದು ಕೂತೆವು. ಅವರು ಗುಡಿಯ ಅಂಗಳ ನೋಡುತ್ತ, "ಆ ಸಾರಂಗಿಯವರು ಬಂದಿದ್ದು ಇಲ್ಲೇ ಅಲ್ಲ?" ಎಂದರು.

ನನಗೆ ನೆನಪಾಯಿತು. ಜಗಳವಾದ ವರ್ಷವೇ ಉತ್ತರದ ಕಡೆಯ ಒಬ್ಬ ದೊಡ್ಡ ಸಾರಂಗಿಯವರು ಇಲ್ಲಿ ಬಾರಿಸಲು ಬಂದಿದ್ದರು. ಕೇಳಬೇಕೆಂದು ನನ್ನ ಗಂಡ ಎಷ್ಟೋ ವರ್ಷಗಳಿಂದ ಹಂಬಲಿಸಿದ್ದ ಕೈ ಅದು. ಆದರೆ ಅಂಗಡಿಯ ಗೆಳೆಯ ಬರುತ್ತಾನೆಂದು ತಿಳಿದು, "ಆ ಮೋಸಗಾರ ಕುಂಡ್ರೂ ಜಮಖಾನದ ಮ್ಯಾಲೆ ನಾ ಕುಂಡ್ರೂದಿಲ್ಲ," ಎಂದು ಮನೆಯಲ್ಲೇ ಉಳಿದಿದ್ದರು. ಆಗ ಅವರ ಕಿವಿ ಪೂರ್ತಿ ಹೋಗಿರಲಿಲ್ಲ. ಸಾರಂಗಿಯ ಮಂದ್ರ ಸಪ್ತಕ, ಮಧ್ಯ ಸಪ್ತಕ ಎಲ್ಲ ಕೇಳುತ್ತಿತ್ತು. ತಮಗೆ ಉಳಿದಿರುವುದು ಸ್ವಲ್ಪ ಕಾಲ ಎಂದು ಗೊತ್ತಿದ್ದರೆ ಅವರು ನಡೆದಾದರೂ ಹೋಗುತ್ತಿದ್ದರು. ಗೊತ್ತಾಗದಂತೆ ನೋಡಿಕೊಂಡವಳು ನಾನು.

"ಹೆಂಗ ಬಾರಿಸಿದ್ರಂತ? ಯಾರರೆ ಹೇಳಿದ್ರೇನು ನಿನಗ?" ಎಂದು ಕೇಳಿದರು.

ನಾನು ಪಾಟಿ ತೆಗೆದುಕೊಂಡೆ. ಯಾರೂ ಹೇಳಿರಲಿಲ್ಲ, ನಾನೂ ಯಾರನ್ನೂ ಕೇಳಿರಲಿಲ್ಲ. ಈ ಸಲ ಏನೂ ಕಟ್ಟಿ ಬರೆಯದೆ, ಅಷ್ಟನ್ನೇ ಬರೆದು ಅವರ ಕೈಗೆ ಕೊಟ್ಟೆ. ಅವರು ಓದಿ, ತಲೆಯಾಡಿಸಿ, ಬಸ್ಸಿನ ಹೊತ್ತಾಯಿತೆಂದು ಎದ್ದರು.