ಜಪಾನಿನ ಕ್ಯಾಸೆಟ್ಟು, ಒಂಟಿ ಸಲಗ

ಮೊನ್ನೆ ತಂಗಿಯ ಮಗಳು ಕೇಳಿದಳು: “ದೊಡ್ಡಮ್ಮಾ, ಬಡಿದಾಡೋ ಅನಿಮೆ ನೋಡೋಕೆ ಶುರು ಮಾಡೋರು ಮೊದಲು ಯಾವುದನ್ನ ನೋಡ್ಬೇಕು?” ಈ ವಯಸ್ಸಿನಲ್ಲೂ ನಾನು ಅವಳ ಪಕ್ಕ ಕೂತು ಆ ಜಪಾನಿ ಕಾರ್ಟೂನುಗಳನ್ನೆಲ್ಲ ನೋಡುತ್ತೇನೆ, ಅದಕ್ಕೇ ಕೇಳಿದ್ದು. “ಯಾವುದಾದ್ರೂ ನೋಡು, ಸದ್ದು ಮಾತ್ರ ಕಮ್ಮಿ ಇಟ್ಕೋ” ಅಂದೆ. ಅವಳು ನಕ್ಕಳು. ನಗಲಿ ಬಿಡಿ. ನಾನು ಹೇಗೆ ಶುರು ಮಾಡಿದೆ ಅಂತ ಅವಳಿಗೇನು ಗೊತ್ತು!

ಆಗ ನಾನು ಆರನೇ ಕ್ಲಾಸು. ಎಂಬತ್ತರ ದಶಕ ಅರ್ಧ ದಾಟಿತ್ತು. ನಮ್ಮದು ಸಾನಮಾವು ಕಾಡಿನ ಅಂಚಿನ ಊರು. ಊರಾಚೆ ಕೂಗಳತೆಯಲ್ಲಿ ನಮ್ಮ ರಾಗಿ ಹೊಲ, ಹೊಲ ಮುಗಿದಲ್ಲಿ ಕಾಡು. ಅಪ್ಪನ ತಮ್ಮ, ಅಂದರೆ ನಮ್ಮ ಚಿಕ್ಕಪ್ಪ, ಹೊಸೂರಿನ ಫ್ಯಾಕ್ಟರಿಯೊಂದಕ್ಕೆ ಸೈಕಲ್ಲಿನಲ್ಲಿ ಹೋಗಿಬರುತ್ತಿದ್ದ. ಅಲ್ಲಿ ಹೊಸ ಮಷೀನು ಕೂಡಿಸಲು ಬಂದಿದ್ದ ಜಪಾನಿನವರೊಬ್ಬರು, ವಾಪಸು ಹೊರಡುವಾಗ ತಮ್ಮ ಮಗಳು ನೋಡುತ್ತಿದ್ದ ಕಾರ್ಟೂನಿನ ಒಂದು ವಿಡಿಯೋ ಕ್ಯಾಸೆಟ್ಟನ್ನು ಇವನ ಕೈಗೆ ಕೊಟ್ಟರಂತೆ. ಅದನ್ನು ದೇವರ ಪ್ರಸಾದದ ಹಾಗೆ ಟವಲಿನಲ್ಲಿ ಸುತ್ತಿಕೊಂಡು ಬಂದ. ಒಂದು ಶನಿವಾರ ಹೊಸೂರಿನಿಂದ ಬಾಡಿಗೆ ಟಿ.ವಿ., ಕ್ಯಾಸೆಟ್ಟು ಹಾಕುವ ಡೆಕ್ಕು, ಮದುವೆ ಮನೆಗೆ ಇಡುವಂಥ ದೊಡ್ಡ ಸೌಂಡ್ ಬಾಕ್ಸು, ಎಲ್ಲವನ್ನೂ ಹಾಲಿನ ವ್ಯಾನಿನಲ್ಲಿ ಹಾಕಿಸಿಕೊಂಡು ಬಂದು ನಮ್ಮ ನಡುಮನೆಯಲ್ಲಿ ಇಳಿಸಿದ.

ಅವತ್ತು ಹೊಲ ಕಾಯುವ ಸರದಿ ಚಿಕ್ಕಪ್ಪನದು. ಅವನ ಮುಖ ನೋಡಿ ಅಪ್ಪನೇ ಕಂಬಳಿ ಹೆಗಲಿಗೆ ಹಾಕಿಕೊಂಡ. “ನೀನು ಹುಡುಗ್ರಿಗೆ ತೋರ್ಸಪ್ಪ, ನಾನು ಹೋಗ್ತೀನಿ” ಅಂದ. ನನಗೆ ಅವನನ್ನು ಕಳಿಸಲು ಮನಸ್ಸಿರಲಿಲ್ಲ.

ಯಾಕೆಂದರೆ ಆ ಸಲ ಬಂದಿದ್ದು ಆನೆಯ ಹಿಂಡಲ್ಲ, ಒಂಟಿ ಸಲಗ. ಹಿಂಡು ಬಂದರೆ ನಮ್ಮವರು ಅಟ್ಟಣೆಯ ಮೇಲೆ ಕೂತು ಎಣ್ಣೆ ಡಬ್ಬ ಬಡಿಯುತ್ತಿದ್ದರು. ಮರಿಗಳನ್ನು ಕಟ್ಟಿಕೊಂಡ ಆನೆಗಳು ಸದ್ದಿಗೆ ಬೆದರಿ ಕಾಡಿಗೆ ಇಳಿಯುತ್ತಿದ್ದವು. ಈ ಸಲಗ ಹಾಗಲ್ಲ, ಸದ್ದು ಎಲ್ಲಿಂದ ಬಂತೋ ಅಲ್ಲಿಗೇ ನುಗ್ಗುತ್ತಿತ್ತು. ಪಕ್ಕದ ಊರಿನಲ್ಲಿ ಡಬ್ಬ ಬಡಿದವನ ಅಟ್ಟಣೆಯನ್ನು ಮುರಿದು ಹಾಕಿತ್ತು. ಅವನು ಬದುಕಿದ್ದು ಪುಣ್ಯ. ಫಾರೆಸ್ಟಿನವರು ಬಂದು “ಒತ್ತೆ ಯಾನೈ, ಸತ್ತಂ ಪೋಡಾದೀಂಗ” ಎಂದು ತಮಿಳಿನಲ್ಲಿ ಮನೆಮನೆಗೂ ಹೇಳಿದ್ದರು. ಒಂಟಿ ಆನೆ, ಯಾರೂ ಸದ್ದು ಮಾಡಬೇಡಿ, ಉಸಿರು ಬಿಗಿಹಿಡಿದು ಕೂತಿರಿ ಅಂತ. ಡಬ್ಬ ಮುಟ್ಟುವುದಿಲ್ಲ ಎಂದು ಅಮ್ಮ ಅಪ್ಪನಿಂದ ಆಣೆ ಮಾಡಿಸಿಕೊಂಡೇ ಕಳಿಸಿದಳು.

ಕತ್ತಲಾಗುತ್ತಿದ್ದ ಹಾಗೆ ಕ್ಯಾಸೆಟ್ಟು ಹಾಕಿದರು. ಊರಿನ ಮಕ್ಕಳೆಲ್ಲ ನಮ್ಮ ಮನೆಯಲ್ಲೇ, ಕಿಟಕಿಯಲ್ಲೂ ತಲೆಗಳು. ಜಪಾನಿನ ಟೇಪು ನಮ್ಮ ಡೆಕ್ಕಿಗೆ ಒಗ್ಗಲಿಲ್ಲ. ಬಣ್ಣವೇ ಬರಲಿಲ್ಲ, ಚಿತ್ರ ಒಂದೇ ಸಮ ಮೇಲಕ್ಕೆ ಉರುಳುತ್ತಿತ್ತು. ಚಿಕ್ಕಪ್ಪನಿಗೆ ಅವಮಾನವಾಯಿತು. “ಚಿತ್ರ ಹೋದ್ರೆ ಹೋಗ್ಲಿ, ಸೌಂಡ್ ಕೇಳ್ರಲಾ!” ಎಂದು ಬಾಕ್ಸನ್ನು ಜಗುಲಿಗೆ ತಂದಿಟ್ಟು ಸೌಂಡನ್ನು ಪೂರ್ತಿ ಏರಿಸಿದ. ಸದ್ದು ಬೇಡ ಎಂದ ಅಮ್ಮನಿಗೆ “ಆನೆ ಊರೊಳಕ್ಕೆ ಬರಲ್ಲ ಬಿಡತ್ತಿಗೆ” ಅಂದ.

ಅಯ್ಯಪ್ಪಾ, ಎಂಥ ಸದ್ದು! ಉರುಳುವ ಚಿತ್ರದಲ್ಲೂ ಕಣ್ಣು ಕಿರಿದು ಮಾಡಿದರೆ ಕಥೆ ಕಾಣುತ್ತಿತ್ತು. ಬೆಟ್ಟದಷ್ಟು ಎತ್ತರದ ಕಬ್ಬಿಣದ ಮನುಷ್ಯ, ಅವನ ಎದೆಗೂಡಿನಲ್ಲಿ ಕೂತು ಓಡಿಸುವವಳು ನನ್ನಷ್ಟೇ ಇದ್ದ ಒಬ್ಬಳು ಹುಡುಗಿ. ಮುಖದ ಅರ್ಧ ಬರೀ ಕಣ್ಣು. ಕೊಂಬಿನ ರಾಕ್ಷಸನೊಬ್ಬ ಊರಿಗೆ ನುಗ್ಗಿ ಮನೆಗಳನ್ನು ತುಳಿಯುತ್ತಿದ್ದ, ಜನ ಕಿರುಚಿಕೊಂಡು ಓಡುತ್ತಿದ್ದರು. ಮಾತು ಒಂದಕ್ಷರ ತಿಳಿಯದು. ಚಿಕ್ಕಪ್ಪ ತನಗೆಲ್ಲ ಗೊತ್ತಿರುವವನ ಹಾಗೆ “ಅವ್ಳು ಸೇನಾಪತಿ ಮಗಳು ಕಣ್ರಲಾ” ಎಂದು ಕಥೆ ಕಟ್ಟುತ್ತಿದ್ದ. “ಸುಳ್ಳು ಬೊಗಳ್ಬ್ಯಾಡ, ಆ ಕೂಸು ಅವ್ವಾ ಅಂತ ಅಳ್ತಾ ಐತೆ” ಎಂದು ಅಜ್ಜಿ ಗದರಿದಳು. ಅಜ್ಜಿ ಹೇಳಿದ್ದೇ ನನಗೂ ಸರಿ ಅನ್ನಿಸಿತು.

ರಾಕ್ಷಸ ಕಬ್ಬಿಣದ ಮನುಷ್ಯನ ತೋಳನ್ನು ಹಿಡಿದು ಕಿತ್ತ. ಒಳಗಿದ್ದ ಹುಡುಗಿ ಚೀರಿದಳು, ಅವಳ ಜೊತೆಗೆ ನಾವೂ ಚೀರಿದೆವು. ಹೆದರಿ ಅಜ್ಜಿಯ ಸೆರಗಿನೊಳಗೆ ತಲೆ ತೂರಿಸಿದೆ. ಆದರೂ ನೋಡದೆ ಇರಲಾಗಲಿಲ್ಲ. ಸೆರಗಿನ ಸಂದಿನಿಂದ ನೋಡುವುದು, ಚೀರುವುದು, ಮತ್ತೆ ನೋಡುವುದು. ಮನೆ ತುಂಬ ಮಕ್ಕಳ ಕಿರುಚಾಟ. ಚಿಕ್ಕಪ್ಪನಿಗೆ ಈಗ ಖುಷಿಯೋ ಖುಷಿ.

ಆಮೇಲೆ ಹುಡುಗಿ ಸುಮ್ಮನಾದಳು, ಹೊಗೆಯ ನಡುವೆ ಕಣ್ಣು ಮುಚ್ಚಿ ಕೂತಳು. ಪರದೆಯ ಮೇಲೆ ಕಾದಾಟ ನಿಂತಿತ್ತು. ಸದ್ದು ಮಾತ್ರ ನಿಂತಿರಲಿಲ್ಲ. ಢಣ್, ಢಣ್, ಢಣ್.

“ಇದು ಟಿ.ವಿ.ದಲ್ಲ” ಎಂದು ಅಮ್ಮ ಎದ್ದು ನಿಂತಳು. “ನಿಲ್ಸಪ್ಪಾ ಅದನ್ನ. ನಿಲ್ಸು ಅಂದೆ!”

ಚಿಕ್ಕಪ್ಪ ವೈರು ಕಿತ್ತ. ಎಣ್ಣೆ ಡಬ್ಬದ ಸದ್ದು ಹೊಲದ ಕಡೆಯಿಂದ ಬರುತ್ತಿತ್ತು. ಅಮ್ಮ ಬಾಗಿಲಿಗೆ ಓಡಿದಳು. “ಬಡೀಬ್ಯಾಡಿ ಅಂತ ಆಣೆ ಹಾಕ್ಸಿದ್ನಲ್ಲಾ, ಯಾಕೆ ಬಡೀತಾವ್ರೆ? ಅದು ಬತ್ತದಲ್ಲಾ, ಅದು ಅಲ್ಲಿಗೇ ಬತ್ತದಲ್ಲಾ!” ನಾವೆಲ್ಲ ಅಂಗಳಕ್ಕೆ ಬಂದೆವು. ಡಬ್ಬದ ಸದ್ದು ಒಂದು ಕಡೆ ನಿಂತಿರಲಿಲ್ಲ, ಊರಿನಿಂದ ದೂರ ದೂರಕ್ಕೆ, ಕಾಡಿನ ಕಡೆಗೆ ಸರಿಯುತ್ತಿತ್ತು. ಅಪ್ಪ ಅಟ್ಟಣೆಯಿಂದ ಇಳಿದಿದ್ದಾನೆ, ಬಡಿದುಕೊಂಡು ನಡೆಯುತ್ತಿದ್ದಾನೆ ಅಂತ ಅರ್ಥವಾಯಿತು. ಆಮೇಲೆ ಸದ್ದು ನಿಂತೇ ಹೋಯಿತು.

ಬಡಿಯುವಾಗ ಆದ ಹೆದರಿಕೆ ಹೆದರಿಕೆಯೇ ಅಲ್ಲ. ನಿಂತ ಮೇಲೆ ಆದದ್ದೇ ಹೆದರಿಕೆ. ಚಿಕ್ಕಪ್ಪ, ಅಕ್ಕಪಕ್ಕದ ಗಂಡಸರು ಪಂಜು ಹಚ್ಚಿಕೊಂಡು ಹೊರಟರು. ಕೂಗಿ ಕರೆಯುವಂತಿಲ್ಲ, ಓಡುವಂತಿಲ್ಲ. ಅಮ್ಮ ನನ್ನ ಕೈ ಹಿಡಿದುಕೊಂಡು ಜಗುಲಿಯ ಮೇಲೆ ಕುಸಿದಳು. ಅವಳ ಬಳೆ ನನ್ನ ಮುಂಗೈಗೆ ಒತ್ತಿ ನೋಯುತ್ತಿತ್ತು, ಆದರೂ ಕೈ ಎಳೆದುಕೊಳ್ಳಲಿಲ್ಲ. ಅಪ್ಪ ಇಲ್ಲದ ಮನೆ ಹೇಗಿರುತ್ತದೆ ಎಂದು ಮನಸ್ಸು ತಾನಾಗಿಯೇ ಯೋಚಿಸತೊಡಗಿತು. ಆ ಯೋಚನೆಯನ್ನು ನಿಲ್ಲಿಸು ದೇವರೇ ಎಂದು ಬೇಡಿಕೊಂಡೆ.

ಪಂಜುಗಳು ವಾಪಸು ಬಂದಾಗ ಅವುಗಳ ನಡುವೆ ಅಪ್ಪ ನಡೆದುಕೊಂಡು ಬಂದ. ಎದೆಯವರೆಗೂ ಒದ್ದೆ, ಪಂಚೆಯಿಂದ ನೀರು ಸುರಿಯುತ್ತಿತ್ತು. ಯಾರ ಮಾತೂ ಕೇಳಿಸಿಕೊಳ್ಳದೆ ಸೀದಾ ನಮ್ಮ ಹತ್ತಿರ ಬಂದು ನನ್ನ ತಲೆ ಮುಟ್ಟಿದ, ತಂಗಿಯ ತಲೆ ಮುಟ್ಟಿದ, ಅಜ್ಜಿಯ ಭುಜ ಮುಟ್ಟಿದ. ಗೋಡೆಗಳನ್ನು ನೋಡಿದ. “ಎಲ್ಲಾ ಇದ್ದೀರಾ?” ಅಂದ.

ಅಮ್ಮನಿಗೆ ಎಲ್ಲಿಲ್ಲದ ಸಿಟ್ಟು ಬಂತು. “ನಮಗೇನಾಗಿತ್ತು? ನೀವು ಯಾಕೆ ಬಡುದ್ರಿ? ಬುದ್ಧಿ ಎಲ್ಲಿಟ್ಟಿದ್ರಿ?”

“ಮನೆ ಕಡೆಯಿಂದ ಗೋಡೆ ಬಿದ್ದಂಗೆ ಸದ್ದು ಬಂತು” ಅಂದ ಅಪ್ಪ. ಹಲ್ಲು ಕಟಕಟ ಅನ್ನುತ್ತಿತ್ತು. “ಮಕ್ಕಳು ಕಿರುಚಿದ್ದು ಕೇಳ್ತು. ಈ ಮಗಳ ದನಿ ನಂಗೆ ಗೊತ್ತಿಲ್ವಾ? ಟಿ.ವಿ. ಅಂತ ಹೊಳೀಲೇ ಇಲ್ಲ, ಸಲಗ ಮನೆಗೇ ನುಗ್ಬುಡ್ತು ಅಂದ್ಕಂಡೆ. ನಾನು ಓಡಿ ಬರೋದ್ರೊಳಗೆ ಇನ್ನೇನು ಉಳೀತದೆ? ಅದಕ್ಕೇ ಡಬ್ಬ ತಗಂಡೆ.”

ಚಿಕ್ಕಪ್ಪ ಗೋಡೆಗೆ ಮುಖ ಮಾಡಿ ನಿಂತುಬಿಟ್ಟ. ಸಲಗ ಆ ಸಂಜೆ ಊರಿನ ಕಡೆಗೆ ಕಾಲಿಟ್ಟೇ ಇರಲಿಲ್ಲವಲ್ಲ ಅಂತ ನನಗೆ ಹೊಳೆಯಿತು. ಅದು ಅಲ್ಲೇ ಕಾಡಂಚಿನಲ್ಲಿ ಎಲ್ಲೋ ಇತ್ತು.

“ಅಪ್ಪಾ, ಅದು ಬಂತಾ?” ಅಂತ ಕೇಳಿದೆ.

“ಬಂತು” ಅಂದ. “ಡಬ್ಬ ಬಿಸಾಕಿ ಹೊಲದ ಬಾವಿ ಮೆಟ್ಲು ಇಳ್ದು ನೀರಲ್ಲಿ ನಿಲ್ಲೋ ಹೊತ್ಗೆ ತಲೆ ಮ್ಯಾಲೇ ನಿಂತಿತ್ತು.” ನನ್ನ ಕೆನ್ನೆಯನ್ನು ಒದ್ದೆ ಕೈಯಿಂದ ಒರೆಸಿದ. “ಬರ್ಲಿ ಅಂತಲೇ ಅಲ್ವಾ ಕಣಮ್ಮಿ ಬಡ್ದಿದ್ದು.”