ಕೆನೆ ಯಂತ್ರದ ಗಂಟೆ

ಆ ಗಂಟೆ ನಿಲ್ಲುತ್ತಿತ್ತೋ ಇಲ್ಲವೋ, ಆಣೆ ಮಾಡಿ ಹೇಳಲಾರೆ. ನಿಲ್ಲುತ್ತಿತ್ತು ಎಂದೇ ನನ್ನ ನೆನಪು. ಆದರೆ ನನ್ನ ನೆನಪಿನ ಮಾತನ್ನು ನಾನೇ ಪೂರ್ತಿ ನಂಬುವುದಿಲ್ಲ. ನಂಬದಿರುವುದು ನನ್ನ ಹಳೆಯ ಚಾಳಿ. ಜಾತಕ, ಹವಾಮಾನ ವರದಿ, ಶುದ್ಧ ಎಂದು ಡಬ್ಬಿಯ ಮೇಲೆ ಬರೆದುಕೊಂಡ ತುಪ್ಪ, ಸಹೋದ್ಯೋಗಿಗಳ ಸಂಶೋಧನೆ, ನನ್ನದೇ ಸಂಶೋಧನೆ, ಎಲ್ಲವನ್ನೂ ಅನುಮಾನಿಸಿಯೇ ವಿಶ್ವವಿದ್ಯಾಲಯದಲ್ಲಿ ಸಂಬಳ ಎಣಿಸಿದವನು ನಾನು. ನಿವೃತ್ತಿಯಾದ ಮೇಲೆ ಅನುಮಾನಿಸಲು ಬೇರೇನೂ ಸಿಗದೆ ಸ್ವಂತ ತಲೆಗೇ ಕೈ ಹಾಕಿದ್ದೇನೆ.

ವಿಷಯ ಇಷ್ಟು. ನಾನೀಗ ನೆಲೆಸಿರುವ ಪರದೇಶದ ಊರು ಪಾಮರ್ಸ್ಟನ್ ನಾರ್ತಿನ ಅಂಚಿನಲ್ಲಿ ಹಳೆಯ ಯಂತ್ರಗಳನ್ನು ಕೂಡಿಹಾಕಿದ ಒಂದು ತಗಡಿನ ಶೆಡ್ಡಿದೆ. ನಡೆಸುವವರೆಲ್ಲ ನಿವೃತ್ತರು. ಸಂಬಳವಿಲ್ಲ, ಚಹಾದ ಜೊತೆ ಜ್ಯಾಮು ಹಚ್ಚಿದ ಸ್ಕೋನ್ ಬನ್ನು ಉಂಟು. ಊರು ರೊಟ್ಟಿಯ ಹಾಗೆ ಸಪಾಟಾಗಿರುವುದರಿಂದ ನನ್ನ ಮಂಡಿಗಳು ತಕರಾರು ಮಾಡದೆ ಸೈಕಲ್ ತುಳಿಯುತ್ತವೆ. ಪ್ರತಿ ಭಾನುವಾರ ಅಲ್ಲಿಗೆ ಹೋಗಿ, ಹಾಲಿನಿಂದ ಕೆನೆ ಬೇರ್ಪಡಿಸುವ ಯಂತ್ರದ ಪಕ್ಕ ನಿಂತು, ಬಂದವರಿಗೆ ತಿರುಗಿಸಿ ತೋರಿಸುವುದು ನನ್ನ ಪಾಲಿನ ಕೆಲಸ. ಈ ಕೆಲಸವೆಂದರೆ ನನಗೆ ಪ್ರಾಣ. ಮಣ್ಣಿನ ವಿಜ್ಞಾನ ಕಲಿಸುತ್ತಿದ್ದಾಗ ಎದುರಿಗೆ ಕೂತವರು ನಿದ್ದೆ ಹೋಗುತ್ತಿದ್ದರು. ಇಲ್ಲಿ ಜನ ನಿಂತು ಕೇಳುತ್ತಾರೆ. ನಿಂತವರಿಗೆ ನಿದ್ದೆ ಬರುವುದು ಕಷ್ಟ.

ಯಂತ್ರವನ್ನು ನೀವು ನೋಡಿರಲಿಕ್ಕಿಲ್ಲ. ಎರಕದ ಕಬ್ಬಿಣದ ಕಾಲು, ನೆತ್ತಿಯ ಮೇಲೆ ಹಾಲು ಸುರಿಯಲು ದೊಡ್ಡ ಬೋಗುಣಿ, ಎರಡು ಮೂತಿ, ಪಕ್ಕದಲ್ಲಿ ಉದ್ದನೆಯ ಹಿಡಿಕೆ. ಹಿಡಿಕೆ ತಿರುವಿದರೆ ಒಳಗಿನ ಬಟ್ಟಲು ಗಿರ್ರನೆ ಸುತ್ತುತ್ತದೆ. ಭಾರವಾದ ಹಾಲು ಅಂಚಿಗೆ ಸರಿಯುತ್ತದೆ, ಹಗುರವಾದ ಕೆನೆ ನಡುವೆ ಉಳಿಯುತ್ತದೆ. ಆಮೇಲೆ ಒಂದು ಮೂತಿಯಿಂದ ಹಾಲು, ಇನ್ನೊಂದರಿಂದ ಕೆನೆ. ಹಾಲನ್ನು ರಾತ್ರಿಯೆಲ್ಲ ತಟ್ಟೆಯಲ್ಲಿಟ್ಟು ಕೆನೆ ಕಟ್ಟಲಿ ಎಂದು ಕಾಯುತ್ತಿದ್ದ ಜನಕ್ಕೆ ಇದು ಪವಾಡದಂತೆ ಕಂಡಿರಬೇಕು. ಈ ದೇಶದ ರೈತರು ಮನೆಯಲ್ಲೇ ಕೆನೆ ತೆಗೆದು, ಅದನ್ನು ಮಾತ್ರ ಕ್ಯಾನಿನಲ್ಲಿ ತುಂಬಿ ಗೇಟಿನ ಹತ್ತಿರ ಇಟ್ಟು, ಉಳಿದ ಹಾಲನ್ನು ಹಂದಿಗಳಿಗೆ ಕುಡಿಸಿದರು. ಆ ಕ್ಯಾನುಗಳು ಈಗ ಅದೇ ಗೇಟುಗಳಲ್ಲಿ ಟಪಾಲು ಪೆಟ್ಟಿಗೆಗಳಾಗಿ ಮಲಗಿವೆ. ಅಂಗಡಿಯ ಹಾಲಿನಲ್ಲಿ ಮಾತ್ರ ಈ ಯಂತ್ರದ ಆಟ ನಡೆಯದು. ಕೆನೆ ಮತ್ತೆ ಮೇಲೇಳದಂತೆ ಅದನ್ನು ಕಾರ್ಖಾನೆಯಲ್ಲೇ ಅರೆದು ಕಲಸಿಬಿಟ್ಟಿರುತ್ತಾರೆ. ಒಮ್ಮೆ ನಾನು ಅದನ್ನೇ ಸುರಿದು ಬೆವರು ಬರುವತನಕ ತಿರುವಿದೆ. ಎರಡು ಮೂತಿಯಿಂದಲೂ ಒಂದೇ ಹಾಲು ಬಂತು.

ವಿಕ್ಟೋರಿಯಾ ರಾಣಿಯ ಕೊನೆಗಾಲದ ಜನಕ್ಕೆ ಪೇಟೆಂಟು ಒಂದು ಜ್ವರವಾಗಿತ್ತು. ನಮ್ಮ ಶೆಡ್ಡಿನ ತುಂಬ ಅದರ ಗುರುತುಗಳಿವೆ. ಸೇಬಿನ ಸಿಪ್ಪೆ ಸುಲಿಯುವುದಕ್ಕೆ ಹಲ್ಲುಚಕ್ರ, ಚಾಕು ಉಜ್ಜುವುದಕ್ಕೆ ಡೋಲಿನಂಥ ಪೆಟ್ಟಿಗೆ, ಬಟ್ಟೆ ಹಿಂಡುವುದಕ್ಕೆ ಎರಡು ಮರದ ಉರುಳೆ. ಮೀಸೆ ಚಹಾದಲ್ಲಿ ಅದ್ದದಂತೆ ಕಪ್ಪಿಗೊಂದು ತಡೆ ಕಟ್ಟಿ ಅದಕ್ಕೂ ಪೇಟೆಂಟು ಪಡೆದವರಿದ್ದರು. ಹೆಂಗಸರು ಎದುರಾದಾಗ ಕೈಗೆ ಶ್ರಮವಿಲ್ಲದೆ ಟೋಪಿ ತಾನಾಗಿ ಎದ್ದು ವಂದಿಸುವ ಯಂತ್ರವನ್ನೂ ಒಬ್ಬ ಪುಣ್ಯಾತ್ಮ ಮಾಡಿದ್ದ. ಗೌರವವನ್ನೂ ಸ್ಪ್ರಿಂಗಿಗೆ ಒಪ್ಪಿಸಿದ ಆ ಮನುಷ್ಯನ ಬಗ್ಗೆ ನನಗೆ ಅಪಾರ ಗೌರವವಿದೆ.

ಪೇಟೆಂಟಿನ ಅರ್ಜಿಯಲ್ಲಿ ನನಗೆ ತುಂಬ ಹಿಡಿಸುವುದು ಅದರ ಬಾಲ. ಚಿತ್ರ, ವಿವರಣೆ ಎಲ್ಲ ಮುಗಿದ ಮೇಲೆ, ಇದರಲ್ಲಿ ಇಂತಿಂಥದ್ದು ನನ್ನದು ಎಂದು ಒಂದೊಂದಾಗಿ ಹಕ್ಕು ಸಾಧಿಸಬೇಕು. ಅಧಿಕಾರಿ ಕೂತು ಒಂದೊಂದನ್ನೇ ಹೊಡೆದುಹಾಕುತ್ತಾನೆ. ಇದು ಹಳೆಯದು, ಇದು ಬೇರೆಯವರದು, ಇದಕ್ಕೆ ಆಧಾರವಿಲ್ಲ. ಕೊನೆಗೆ ಒಂದೇ ಒಂದು ಹಕ್ಕು ಉಳಿದರೂ ಅರ್ಜಿದಾರ ಎದೆ ಉಬ್ಬಿಸಿ ಮನೆಗೆ ಹೋಗಬಹುದು.

ಇನ್ನು ಗಂಟೆ. ಧಾರವಾಡದ ಕಡೆಯ ಒಂದು ಸರ್ಕಾರಿ ಡೈರಿಯಲ್ಲಿ ನಮ್ಮ ಅಪ್ಪ ಕೆಲಸಕ್ಕಿದ್ದರು. ಅಲ್ಲಿ ಇಂಥದೇ ಯಂತ್ರವಿತ್ತು, ಅದರ ಹಿಡಿಕೆಗೆ ಒಂದು ಪುಟ್ಟ ಗಂಟೆ ಇತ್ತು. ನಿಧಾನವಾಗಿ ತಿರುವಿದರೆ ಸುತ್ತಿಗೊಮ್ಮೆ ಟಿಣ್ ಎನ್ನುತ್ತಿತ್ತು. ವೇಗ ಸರಿಯಾದೊಡನೆ ಸುಮ್ಮನಾಗುತ್ತಿತ್ತು. ಅದು ಸುಮ್ಮನಾದ ಮೇಲೆಯೇ ಹಾಲು ಬಿಡಬೇಕು. ನನ್ನ ನೆನಪಿನಲ್ಲಿ ಅಪ್ಪ ಬಿಳಿ ಕೋಟು ಹಾಕಿಕೊಂಡು ಹುಣಸೆಮರದ ಕೆಳಗೆ ನಿಂತಿದ್ದಾರೆ, ಬಿಳಿಯ ಆಕಳೊಂದು ಮೆಲುಕು ಹಾಕುತ್ತಿದೆ, ನಾನು ಹಿಡಿಕೆ ತಿರುವುತ್ತಿದ್ದೇನೆ. ಚಿತ್ರ ಎಷ್ಟು ಅಚ್ಚುಕಟ್ಟಾಗಿದೆಯೆಂದರೆ, ಬೇರೆಯವರು ಹೇಳಿದ್ದರೆ ನಾನು ಖಂಡಿತ ನಂಬುತ್ತಿರಲಿಲ್ಲ.

ಶೆಡ್ಡಿನ ಯಂತ್ರಕ್ಕೂ ಗಂಟೆಯಿದೆ. ಆದರೆ ಅದು ನಿಲ್ಲುವುದೇ ಇಲ್ಲ. ನಿಧಾನಕ್ಕೂ ಬಡಿಯುತ್ತದೆ, ಜೋರಿಗೂ ಬಡಿಯುತ್ತದೆ. ಹಾಗಾಗಿ ನಾನು ಬಂದವರಿಗೆಲ್ಲ, ಇದು ಕೆಟ್ಟಿದೆ, ನಿಜವಾದ ಗಂಟೆ ವೇಗ ಬಂದಾಗ ಬಾಯಿ ಮುಚ್ಚುತ್ತದೆ ಎಂದು ಹೇಳುತ್ತಿದ್ದೆ. ಒಂದು ಭಾನುವಾರ ಕೆನ್ ಕೇಳಿಸಿಕೊಂಡ. ಕೆನ್ ನಮ್ಮ ಶೆಡ್ಡಿನ ಮುಖ್ಯಸ್ಥ, ಹಿಂದೆ ಮೆಕ್ಯಾನಿಕ್ ಆಗಿದ್ದವನು. ಮೈ ಕೊರೆಯುವ ಚಳಿಯಲ್ಲೂ ಚಡ್ಡಿಯಲ್ಲೇ ಓಡಾಡುವ ಗಟ್ಟಿ ಆಳು. ಈ ಯಂತ್ರಕ್ಕೆ ಮರುಜೀವ ಕೊಟ್ಟವನು ಅವನೇ.

“ಗಂಟೆ ಇರೋದು ಬಾರಿಸೋಕೆ ಮೇಟ್,” ಎಂದ.

“ನಮ್ಮೂರಿನದು ನಿಲ್ಲುತ್ತಿತ್ತು, ಕೆನ್.”

“ನಿಮ್ಮೂರಿನದಕ್ಕೆ ರಿಪೇರಿ ಬೇಕಾಗಿತ್ತು ಅನ್ನು!”

ಸುತ್ತ ನಿಂತವರು ನಕ್ಕರು. ನಾನು ಬಿಡಲಿಲ್ಲ. “ನಿನ್ನ ಯೂಟ್ ಗಾಡಿಯಲ್ಲಿ ಸೀಟ್ ಬೆಲ್ಟ್ ಹಾಕೋವರೆಗೂ ಟಿಣ್ ಟಿಣ್ ಅನ್ನುತ್ತಲ್ಲ, ಹಾಕಿದ ಮೇಲೂ ಅನ್ನುತ್ತದೇನು?”

“ಅದು ಕಂಪ್ಯೂಟರು. ಇದು ಹಿತ್ತಾಳೆ. ನೋಡು ಮೇಟ್, ನೀನು ಒಳ್ಳೆಯವನು. ಆದರೆ ಜನ ದುಡ್ಡು ಕೊಟ್ಟು ಒಳಗೆ ಬರ್ತಾರೆ. ನೆನಪಿನ ಕತೆ ಎಲ್ಲ ಅವರಿಗೆ ಹೇಳಬಾರದು. ಮುಂದಿನ ವಾರದಿಂದ ಸ್ಕೋನ್ ಕೌಂಟರ್ ನೋಡ್ಕೋ.”

ಹೀಗೆ ನನ್ನನ್ನು ವಿಜ್ಞಾನದಿಂದ ಜ್ಯಾಮಿಗೆ ವರ್ಗ ಮಾಡಲಾಯಿತು.

ಇದನ್ನು ಮಗಳು ಮೇಘಾಳ ಮುಂದೆ ಹೇಳಿದ್ದು ಇನ್ನೊಂದು ಎಡವಟ್ಟು. ಅವಳು ಇಲ್ಲಿಯ ಆಸ್ಪತ್ರೆಯಲ್ಲಿ ನರ್ಸ್. ಇಲ್ಲೇ ಹುಟ್ಟಿದವಳು, ನನ್ನ ಧಾರವಾಡದ ಕನ್ನಡವೆಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ನಗುತ್ತಾಳೆ ಅಂದುಕೊಂಡಿದ್ದೆ. ಅವಳು ಚಹಾದ ಕಪ್ಪು ಕೆಳಗಿಟ್ಟಳು.

“ಅಪ್ಪಾ, ಲಾಸ್ಟ್ ಮಂತ್ ಯು ಲೆಫ್ಟ್ ಯುವರ್ ಬೈಕ್ ಅಟ್ ದ ಲೈಬ್ರರಿ ಅಂಡ್ ವಾಕ್ಡ್ ಹೋಮ್.”

“ವಿಚಾರ ಮಾಡಕೋತ ಬಂದೆ.”

“ಯು ರಿಪೋರ್ಟೆಡ್ ಇಟ್ ಸ್ಟೋಲನ್!”

ನಾನು ಚಹಾಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕಿಕೊಂಡೆ. ಅವಳು ಮೆತ್ತಗೆ, ರೋಗಿಗಳ ಜೊತೆ ಮಾತಾಡುವ ದನಿಯಲ್ಲಿ, “ಜಸ್ಟ್ ಎ ಮೆಮರಿ ಚೆಕ್, ಅಪ್ಪಾ. ಪ್ಲೀಸ್. ಅಂಡ್ ಮೇಬೀ ಗಿವ್ ದ ಶೆಡ್ ಎ ಮಿಸ್,” ಎಂದಳು, ಅಂದರೆ ಶೆಡ್ಡಿಗೂ ಹೋಗಬೇಡ. ಆ ದನಿಗೆ ನಾನು ಹೆದರಿದೆ. ಕೆನ್ ನನ್ನ ಜಾಗ ಕಿತ್ತುಕೊಂಡಿದ್ದ, ಅಷ್ಟೇ. ಇವಳು ನನ್ನನ್ನೇ ಅನುಮಾನಿಸುತ್ತಿದ್ದಳು, ಅದೂ ಪ್ರೀತಿಯಿಂದ. ಅನುಮಾನಿಸುವುದು ಮನೆಯಲ್ಲಿ ನನ್ನೊಬ್ಬನ ಹಕ್ಕು ಎಂದುಕೊಂಡಿದ್ದೆ. ಡಾಕ್ಟರ ಹತ್ತಿರ ಬರುತ್ತೇನೆ, ಆದರೆ ಗಂಟೆಯ ವಿಷಯದಲ್ಲಿ ಒಂದಿಂಚೂ ಹಿಂದೆ ಸರಿಯುವುದಿಲ್ಲ ಎಂದು ಹೇಳಿದೆ. ಮೇಜು ಗುದ್ದಿಯೇ ಹೇಳಿದೆ. ಕಪ್ಪು ಉರುಳಿತು.

ಮೇಜು ಗುದ್ದಿದವನು ಸಾಕ್ಷಿ ತರಬೇಕು. ಹುಬ್ಬಳ್ಳಿಯಲ್ಲಿರುವ ಅಕ್ಕನಿಗೆ ಫೋನ್ ಮಾಡಿದೆ. ನನಗಿಂತ ದೊಡ್ಡವಳು, ನಮ್ಮ ಬಾಲ್ಯಕ್ಕೆ ಉಳಿದಿರುವ ಇನ್ನೊಬ್ಬ ವಾರಸುದಾರಳು ಅವಳೊಬ್ಬಳೇ.

“ಅಕ್ಕಾ, ಡೈರ್ಯಾಗ ಕೆನಿ ತಗಿಯೋ ಮಷೀನ್ ಇತ್ತಲ್ಲ, ನಾ ತಿರುವತಿದ್ದೆನಲ್ಲ...”

“ನೀ ಯಾವಾಗ ತಿರುವಿದ್ಯೋ? ನಿನ್ನ ಕೈ ಹಿಡಿಕಿಗೆ ಮುಟ್ಟತಿದ್ದಿಲ್ಲ. ತಿರುವಾಕಿ ನಾನು. ನೀ ಬಾಯಿ ತಕ್ಕೊಂಡು ಕುಂದರತಿದ್ದಿ.”

“ಹುಣಸಿಮರದ ಕೆಳಗ?”

“ಅದು ಬೇವಿನ ಮರ.”

“ಬಿಳಿ ಆಕಳ?”

“ಎಲ್ಲಾ ಎಮ್ಮಿ! ಕರೇ ಎಮ್ಮಿ! ಏನ್ ಕುಡದು ಫೋನ್ ಹಚ್ಚಿದಿ?”

“ಅಪ್ಪನ ಬಿಳಿ ಕೋಟು?”

“ಅಪ್ಪ ಖಾಕಿ ಹಾಕತಿದ್ದ. ಬಿಳಿ ಕೋಟು ನೀ ಕಾಲೇಜಿನ್ಯಾಗ ಹಾಕತಿದ್ದಿ.”

ಪೇಟೆಂಟಿನ ಅಧಿಕಾರಿ ಒಂದೊಂದೇ ಹಕ್ಕಿಗೆ ಗೆರೆ ಎಳೆಯುತ್ತಾ ಬಂದಂತಾಯಿತು. ಕೊನೆಯದನ್ನು ಕೇಳಲು ಧೈರ್ಯ ಸಾಲಲಿಲ್ಲ. ಕೇಳಿದೆ. “ಗಂಟಿ ನಿಲ್ಲತಿತ್ತಾ, ಅಕ್ಕಾ?”

“ಅದೇನೋ ಯಪ್ಪಾ, ನನಗ ರಟ್ಟಿ ಸೋತು ಹೋಗತಿದ್ದವು, ಗಂಟಿ ಯಾರು ಕೇಳಬೇಕು! ಒಂದು ನೆನಪೈತಿ ನೋಡು. ಗಂಟಿ ಕೇಳಿಸ್ತಂದ್ರ ಅಪ್ಪ ಒಳಗಿಂದನ ಬೈತಿದ್ದ, ಜೋರ್ ತಿರುವವಾ, ನಿದ್ದಿ ಮಾಡತೀ ಏನು ಅಂತ.”

ಫೋನ್ ಇಟ್ಟು ಲೆಕ್ಕ ಹಾಕಿದೆ. ಗಂಟೆ ಯಾವಾಗಲೂ ಬಡಿಯುತ್ತಿದ್ದರೆ ಅಪ್ಪ ಯಾವಾಗಲೂ ಬೈಯಬೇಕಾಗಿತ್ತು. ಹಾಗೆ ಬೈಯುವ ಮನುಷ್ಯ ಅವರಲ್ಲ. ಆದರೆ ಇದು ಅಕ್ಕನ ನೆನಪು, ಅದನ್ನು ಕೇಳಿದ್ದು ನನ್ನ ಕಿವಿ. ಜೊತೆಗೆ ನಾನು ಪ್ರಯೋಗಾಲಯದಲ್ಲಿ ಮಣ್ಣು ಕದಡಿದ ನೀರನ್ನು ಗಿರಗಿರನೆ ತಿರುಗಿಸುವ ಯಂತ್ರದ ಜೊತೆಗೇ ವರ್ಷಗಟ್ಟಲೆ ಸಂಸಾರ ಮಾಡಿದವನು. ವೇಗವಾಗಿ ಸುತ್ತುವ ಗಂಟೆಯೊಳಗಿನ ಗುಂಡು ಗೋಡೆಗೆ ಒತ್ತಿಕೊಂಡು ಕೂರುತ್ತದೆ ಎಂಬ ಯುಕ್ತಿ ಅಲ್ಲಿಂದ ಬಂದು ಬಾಲ್ಯದೊಳಗೆ ಸೇರಿಕೊಂಡಿರಬಹುದು. ಬಿಳಿ ಕೋಟು ಹಾಗೆಯೇ ಬಂದು ಸೇರಿಕೊಂಡಿತ್ತಲ್ಲ!

ನಮ್ಮ ಕಡೆ ಗಂಟೆಯೆಂದರೆ ಶುಭ. ಮಂಗಳಾರತಿಗೆ ಗಂಟೆ, ಶಾಲೆ ಬಿಟ್ಟರೆ ಗಂಟೆ. ಎಲ್ಲ ಸರಿಯಾಗಿದೆ ಎಂಬುದನ್ನು ಸುಮ್ಮನಿದ್ದು ಹೇಳುವ ಗಂಟೆಯನ್ನು ಯಾರು ಒಪ್ಪುತ್ತಾರೆ? ಆದರೆ ಪೇಟೆಂಟಿನ ಕಾಲದ ಆ ಜಾಣ ಈ ಗಂಟೆಯನ್ನು ಹೊಗಳುವುದಕ್ಕೆ ಮಾಡಿರಲಿಲ್ಲ. ತಪ್ಪಿದಾಗ ಕಾಡಬೇಕು, ಸರಿಹೋದಾಗ ನಮ್ಮ ಪಾಡಿಗೆ ಬಿಡಬೇಕು, ಅಷ್ಟೇ ಅದರ ಕೆಲಸ. ಇವತ್ತಿನ ಫೋನುಗಳು ನಾಲ್ಕು ಹೆಜ್ಜೆ ನಡೆದರೂ ಟಿಣ್ ಎಂದು ಬೆನ್ನು ತಟ್ಟುತ್ತವೆ. ನನಗೆ ಹಳೆಯದೇ ವಾಸಿ.

ಮುಂದಿನ ಭಾನುವಾರ ನಾನು ಮುಖ ಊದಿಸಿಕೊಂಡೇ ಸ್ಕೋನುಗಳ ಹಿಂದೆ ನಿಂತಿದ್ದೆ. ಕೆನ್ ಎದುರಿನ ಬೆಂಚಿನಲ್ಲಿ ಯಾರೋ ಅತಿಥಿಗೆ ತನ್ನ ರಿಪೇರಿಯ ಸಾಹಸ ಹೇಳುತ್ತಿದ್ದ. ತುಕ್ಕು ಬಿಡಿಸಿದ್ದು, ಹಲ್ಲುಚಕ್ರ ಹುಡುಕಿದ್ದು, ಎಲ್ಲ ಆಯಿತು. ಆಮೇಲೆ ಕೇಳಿ:

“ಗಂಟೆ ಒಂದು ಬಹಳ ಆಟ ಆಡಿಸಿತು. ಮೆಲ್ಲಗೆ ತಿರುಗಿಸಿದರೆ ಬಾರಿಸ್ತಿತ್ತು, ಸ್ವಲ್ಪ ಜೋರಾದರೆ ಸತ್ತುಹೋಗ್ತಿತ್ತು. ಏನು ಮಾಡಿದರೂ ಅಷ್ಟೇ. ಕೊನೆಗೆ ಅದನ್ನ ಕಿತ್ತು, ಒಂದು ಸೈಕಲ್ ಬೆಲ್ ಕೂರಿಸಿದೆ ನೋಡು. ಈಗ ನಿಲ್ಲೋದೇ ಇಲ್ಲ!”

ನನ್ನ ಕೈಯ ಚಮಚದಿಂದ ಜ್ಯಾಮು ಯಾರ ಸ್ಕೋನಿನ ಮೇಲೆ ಬಿತ್ತೋ ಗೊತ್ತಿಲ್ಲ. “ಕೆನ್, ಆ ಹಳೆಯ ಗಂಟೆ ಎಲ್ಲಿ?” ಎಂದು ಕೂಗಿದೆ. ಕಿವಿಗಳು, ಅಂದರೆ ಕಿವಿ ಹಕ್ಕಿಯ ಹೆಸರಿಟ್ಟುಕೊಂಡ ಈ ದೇಶದ ಜನ, ಏನನ್ನೂ ಎಸೆಯುವುದಿಲ್ಲ. ಮೊಳೆ, ನಟ್ಟು, ವಾಷರುಗಳ ಒಂದು ಗಾಜಿನ ಭರಣಿಯ ತಳದಲ್ಲಿ ಅದು ಸಿಕ್ಕಿತು. ಏನೋ ಅರ್ಥವಾದವನಂತೆ ಕೆನ್ ಅದನ್ನು ಚಡ್ಡಿಗೆ ಒರೆಸಿ ನನ್ನ ಕೈಗೆ ಹಾಕಿದ.

ಶೆಡ್ಡಿನಲ್ಲೇ ಪರೀಕ್ಷಿಸಬಹುದಿತ್ತು. ನಾನು ಒಪ್ಪಲಿಲ್ಲ. ನನ್ನನ್ನು ಅನುಮಾನಿಸಿದವಳು ಮನೆಯಲ್ಲಿದ್ದಳು. ಗ್ಯಾರೇಜಿನಲ್ಲಿ ಸೈಕಲ್ಲನ್ನು ತಲೆಕೆಳಗು ಮಾಡಿ ನಿಲ್ಲಿಸಿ, ಪೆಡಲಿನ ತುದಿಗೆ ಗಂಟೆಯನ್ನು ತಂತಿಯಿಂದ ಬಿಗಿದು, ಮೇಘಾಳನ್ನು ಕರೆದೆ.

“ನಾ ತಿರುವಿದ್ರ ನಂಬೂದಿಲ್ಲ ನೀ. ನೀನ ತಿರುವು.”

“ಅಪ್ಪಾ, ದಿಸ್ ಈಸ್ ರಿಡಿಕ್ಯುಲಸ್,” ಎನ್ನುತ್ತಲೇ ಕೂತಳು. ಪೆಡಲು ನಿಧಾನವಾಗಿ ಸುತ್ತಿತು. ಟಿಣ್. ಟಿಣ್. ಟಿಣ್. ಒಂದು ವೇಳೆ ಇದು ನಿಲ್ಲದಿದ್ದರೆ ನನ್ನ ಬಾಲ್ಯದಲ್ಲಿ ನಾನು ನೋಡಿದ್ದು ಅನ್ನುವಂಥದ್ದು ಒಂದೂ ಉಳಿಯುವುದಿಲ್ಲ. ಜೋರ್ ತಿರುವವಾ ಎಂದೆ. ಆ ಮಾತು ನನ್ನ ಬಾಯಿಂದ ಯಾರ ದನಿಯಲ್ಲಿ ಬಂತು ಎಂಬುದು ಆಮೇಲೆ ಹೊಳೆಯಿತು. ಅವಳು ಜೋರು ಮಾಡಿದಳು. ಇನ್ನೂ ಜೋರು.

ಪೆಡಲು ಸುತ್ತುತ್ತಿತ್ತು, ಚೈನು ಕಟಕಟ ಎನ್ನುತ್ತಿತ್ತು. ಬೇರೆ ಸದ್ದಿರಲಿಲ್ಲ.

“ನಿಂತ್ತು, ಅಪ್ಪಾ!” ಎಂದಳು ಮೇಘಾ. ಕನ್ನಡದಲ್ಲಿ ಎಂದಳು ಎಂಬುದು ಅವಳಿಗೆ ಗೊತ್ತಾಗಲೂ ಇಲ್ಲ.

ಕೆನ್ ಹಳೆಯ ಗಂಟೆಯನ್ನು ಮತ್ತೆ ಕೂರಿಸಿದ್ದಾನೆ, ನನ್ನನ್ನೂ ಮತ್ತೆ ಅದರ ಪಕ್ಕ ನಿಲ್ಲಿಸಿದ್ದಾನೆ. ಅವನ ಷರತ್ತು ಒಂದೇ, ಅತಿಥಿಗಳ ಮುಂದೆ ರಿಪೇರಿ ಎಂಬ ಪದ ಎತ್ತಬಾರದು. ಡಾಕ್ಟರ ಅಪಾಯಿಂಟ್‌ಮೆಂಟನ್ನು ಮೇಘಾ ರದ್ದು ಮಾಡಲು ಹೊರಟಾಗ ನಾನೇ ಬೇಡವೆಂದೆ. ಎಲ್ಲರನ್ನೂ ಅನುಮಾನಿಸುವವನು ತನ್ನ ಸರದಿ ಬಂದಾಗ ಓಡಬಾರದು. ಅವರು ಏನು ಬೇಕಾದರೂ ಕೇಳಲಿ. ಇವತ್ತು ಯಾವ ವಾರ ಎಂಬುದನ್ನು ತಪ್ಪು ಹೇಳಬಹುದು. ಸೈಕಲ್ಲನ್ನು ಇನ್ನೊಮ್ಮೆ ಎಲ್ಲೋ ಮರೆತು ಬರಬಹುದು. ಆಕಳು ಎಮ್ಮೆಯಾಗಲಿ, ಹುಣಸೆ ಬೇವಾಗಲಿ, ಹಿಡಿಕೆ ಹಿಡಿದ ಕೈ ಅಕ್ಕನದೇ ಆಗಲಿ. ಅವೆಲ್ಲಕ್ಕೂ ಗೆರೆ ಎಳೆಯಿರಿ, ನನ್ನ ಅಭ್ಯಂತರವಿಲ್ಲ. ಆದರೆ ಹಿಡಿಕೆ ಸರಿಯಾದ ವೇಗಕ್ಕೆ ಬಂದಾಗ ಗಂಟೆ ನಿಲ್ಲುತ್ತದೆ. ಇದನ್ನು ಪರೀಕ್ಷಿಸಿ ನೋಡಿದ್ದೇನೆ.