ವಿನೋದಾ ಒಬ್ಬಳೇ ಬೋಟು ಇಳಿಸಿದ್ದು

ಡ್ಯಾಂಡಿನಾಂಗ್ ಎಂಬ ಊರಿನ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವ ವಿನೋದಾಳಿಗೆ ಮನೆಯ ಮೋಟರ್ ಬೋಟಿನ ವಿಷಯದಲ್ಲಿ ಇಷ್ಟು ವರ್ಷ ಇದ್ದದ್ದು ಒಂದೇ ಕೆಲಸ, ಹಗ್ಗ ಹಿಡಿದು ನಿಲ್ಲುವುದು. ಟ್ರೈಲರನ್ನು ಕಾರಿಗೆ ಸಿಕ್ಕಿಸಿ, ರಿವರ್ಸಿನಲ್ಲಿ ಇಳಿಜಾರು ಇಳಿಸಿ ಬೋಟನ್ನು ನೀರಿಗೆ ಬಿಡುವುದು, ಸಂಜೆ ಮತ್ತೆ ಮೇಲೆಳೆಯುವುದು, ಎಲ್ಲ ಗಂಡ ಕರುಣಾಕರನದು. ಅವನಿಗೆ ದೂರದ ಸಿಡ್ನಿಯಲ್ಲಿ ಕೆಲಸ ಸಿಕ್ಕಿ ಅಲ್ಲಿನ ಹ್ಯಾರಿಸ್ ಪಾರ್ಕ್ ಬಡಾವಣೆಯಲ್ಲಿ ರೂಮು ಹಿಡಿದ ಮೇಲೆ ಬೋಟು ಅಂಗಳದಲ್ಲೇ ಉಳಿಯಿತು. ಮಾರಿಬಿಡೋಣ, ನೋಡಲು ಭಾನುವಾರ ಒಬ್ಬರು ಬರುತ್ತಾರಂತೆ ಎಂದು ಅವನು ಫೋನಿನಲ್ಲಿ ಹೇಳಿದ. ಆಗಲಿ ಎಂದಳು. ಮರುದಿನ ಶನಿವಾರ. ಬೆಳಿಗ್ಗೆ ಎದ್ದವಳು ಯಾಕೆ ಟ್ರೈಲರನ್ನು ಕಾರಿಗೆ ಸಿಕ್ಕಿಸಿದಳೋ, ಅವಳಿಗೇ ತಿಳಿಯಲಿಲ್ಲ.

ಕೊಲ್ಲಿಯ ದಡದಲ್ಲಿ ಬೋಟು ಇಳಿಸುವ ರ‍್ಯಾಂಪಿನಲ್ಲಿ ಗಲಿಬಿಲಿ ಶುರುವಾಯಿತು. ಸ್ಟಿಯರಿಂಗ್ ಎಡಕ್ಕೆ ತಿರುಗಿಸಿದರೆ ಟ್ರೈಲರು ಬಲಕ್ಕೆ ಹೋಗುತ್ತಿತ್ತು. ಸರಿ, ಬಲಕ್ಕೆ ತಿರುಗಿಸಿದರೆ ಟ್ರೈಲರೇ ಕನ್ನಡಿಯಿಂದ ಮಾಯ. ಹಿಂದೆ ಬೇರೆ ಬೋಟಿನವರು ಕಾಯುತ್ತಿದ್ದರು. ಕರುಣಾಕರನಿಗೆ ಫೋನು ಮಾಡಿದಳು.

"ರಿವರ್ಸಲ್ಲಿ ಟ್ರೈಲರಿಗೆ ಯಾವ ಕಡೆ ತಿರುಗಿಸುದು?"

"ನೀನೀಗ ಎಲ್ಲಿದ್ದಿ ಮಾರಾಯ್ತಿ?"

"ಅದು ಆಮೇಲೆ. ಮೊದಲು ಇದನ್ನು ಹೇಳಿ."

ಅವನು ಎಡಕ್ಕೆ ಎಂದ, ಅಲ್ಲ ಎಂದ, ಸ್ವಲ್ಪ ತಡಿ ಎಂದ. ಅವನ ಕೈಗೆ ಗೊತ್ತಿದ್ದದ್ದು ಬಾಯಿಗೆ ಬರಲಿಲ್ಲ. ಅವಳು ಫೋನಿಟ್ಟು, ಕಾಯುತ್ತಿದ್ದವರನ್ನು ಮುಂದೆ ಬಿಟ್ಟಳು. ಆಮೇಲೆ ಸ್ಟಿಯರಿಂಗನ್ನು ಕೆಳಗಡೆ ಹಿಡಿದು, ಟ್ರೈಲರು ಹೋಗಬೇಕಾದ ಕಡೆಗೇ ಕೈ ಸರಿಸಿ ನೋಡಿದಳು. ಅಡ್ಡಾದಿಡ್ಡಿಯಾಗಿಯಾದರೂ ಚಕ್ರಗಳು ನೀರು ಮುಟ್ಟಿದವು. ಬೋಟಿನ ಉದ್ದ ಹಗ್ಗವನ್ನು ಜೆಟ್ಟಿಗೆ ಕಟ್ಟಿ, ಟ್ರೈಲರಿನ ಕೊಕ್ಕೆ ಬಿಡಿಸಿ, ಕಾರನ್ನು ಇನ್ನಷ್ಟು ಹಿಂದೆ ಸರಿಸಿದಾಗ ಬೋಟು ತಾನಾಗಿ ತೇಲಿತು. ಕಾರನ್ನು ಮೇಲೆ ನಿಲ್ಲಿಸಿ ಬಂದು, ಬೋಟು ಹತ್ತಿ ಎಂಜಿನ್ ಚಾಲೂ ಮಾಡಿದಳು.

ದಡ ಸಣ್ಣದಾಗಿ ಕಾಣುವಷ್ಟು ದೂರ ಹೋದ ಮೇಲೆ ಪಾದದ ಬಳಿ ನೀರು ಕಂಡಿತು. ಬೋಟಿನ ಹಿಂಬದಿಯಲ್ಲಿ ನೀರು ಬಸಿಯಲೆಂದು ಇರುವ ತೂತಿಗೆ ಬಿರಡೆ ಹಾಕಿದ್ದೆನೋ ಇಲ್ಲವೋ? ಬೆರಳುಗಳು ಬಿರಡೆ ತಿರುಗಿಸುವುದು ಕಣ್ಣಿಗೆ ಕಟ್ಟಿದಂತಿತ್ತು. ಆದರೆ ಆ ಬೆರಳುಗಳು ತನ್ನವೋ ಕರುಣಾಕರನವೋ ಹೇಳಲಾಗಲಿಲ್ಲ. ಬೋಟು ತಿರುಗಿಸಿದಳು.

ಅಷ್ಟರಲ್ಲಿ ಗಾಳಿ ಎದ್ದಿತ್ತು. ಟ್ರೈಲರಿನ ಮೇಲೆ ತರುವಾಗ ಬೋಟಿನ ಹಿಂಭಾಗ ಪಕ್ಕಕ್ಕೆ ಜಾರಿ ಸೊಟ್ಟಗೆ ಕೂತಿತು. ಮತ್ತೆ ನೀರಿಗಿಳಿಸಿ, ಸೊಂಟದವರೆಗೆ ತೊಯ್ದುಕೊಂಡು ನೆಟ್ಟಗೆ ಮಾಡಿ, ಹಗ್ಗ ಸುತ್ತುವ ವಿಂಚು ತಿರುಗಿಸಿ ಎಳೆದಳು. ಕಾರನ್ನು ಸಮತಟ್ಟಿಗೆ ತಂದು ಬಗ್ಗಿ ನೋಡಿದರೆ ಬಿರಡೆ ಬಿಗಿಯಾಗಿಯೇ ಇತ್ತು. ಹಾಗಾದರೆ ನೀರೆಲ್ಲಿಂದ? ಬೋಟಿನೊಳಗಿನ ನೀರಿಗೆ ಬೆರಳದ್ದಿ ನಾಲಿಗೆಗೆ ಇಟ್ಟಳು. ಉಪ್ಪಿಲ್ಲ. ಬೆಳಿಗ್ಗೆ ಐಸು ತುಂಬಿ ಇಟ್ಟಿದ್ದ ಪೆಟ್ಟಿಗೆ ಮಗುಚಿಕೊಂಡಿತ್ತು, ಕರಗಿದ ಐಸೆಲ್ಲ ಹೊರಗೆ ಹರಿದಿತ್ತು. ಪೆಟ್ಟಿಗೆಯನ್ನು ನೆಟ್ಟಗೆ ಮಾಡಿಟ್ಟಳು.

ಕರುಣಾಕರ ಮತ್ತೆ ಫೋನು ಮಾಡಿ, ನಾಳೆ ಬರುವವನಿಗೆ ಏನು ಹೇಳಲಿ ಎಂದು ಕೇಳಿದ.

"ನಾಳೆ ಬೇಡ ಹೇಳಿ."

"ಮತ್ತೆ ಯಾವಾಗ?"

"ಗೊತ್ತಿಲ್ಲ. ನನಗೆ ಈಗ ಎಂತದೂ ಗೊತ್ತಾಗುದಿಲ್ಲ."

ಅವನು ಒತ್ತಾಯ ಮಾಡಲಿಲ್ಲ. ಬೋಟು ಇನ್ನೂ ಅವಳ ಅಂಗಳದಲ್ಲಿದೆ. ಬೋಟಿಗಾಗಿ ಲ್ಯಾಬಿನಲ್ಲಿ ಆಗಾಗ ಬೀಳುವ ಶನಿವಾರದ ಪಾಳಿ ಬಿಡಿಸಿಕೊಂಡಿದ್ದಾಳೆ.